ಚರ್ಚಿನ ಬಾಗಿಲು, ಮುಸ್ಲಿಮರ ಕೀಲಿಕೈ ಮತ್ತು ಸಾಮ್ರಾಜ್ಯಗಳ ‘ರಕ್ಷಣೆ’

ಜೆರುಸಲೇಮಿನ ಹಳೆಯ ನಗರದ ಗೋಡೆಗಳ ಒಳಗೆ ಕ್ರೈಸ್ತ ಜಗತ್ತು ಅತ್ಯಂತ ಪವಿತ್ರವೆಂದು ಭಾವಿಸುವ ಆರಾಧನಾಲಯವೊಂದಿದೆ. ಯೇಸುವನ್ನು ಶಿಲುಬೆಗೇರಿಸಿದ ಸ್ಥಳವೂ ಅವರನ್ನು ಇರಿಸಿದ ಸಮಾಧಿಯೂ ಅದರೊಳಗಿವೆ ಎಂಬುದು ಕ್ರೈಸ್ತರ ನಂಬಿಕೆ. ಅದನ್ನು ಪವಿತ್ರ ಸಮಾಧಿಯ ಚರ್ಚ್ ಎನ್ನುತ್ತಾರೆ. ಅಲ್ಲಿನ ಅರಬ್ ಕ್ರೈಸ್ತರು ಕರೆಯುವುದು ‘ಕನೀಸತುಲ್ ಕಿಯಾಮಾ’ ಎಂದು, ಅಂದರೆ ಪುನರುತ್ಥಾನದ ಚರ್ಚ್. ಈ ಚರ್ಚಿನ ಹೆಬ್ಬಾಗಿಲ ಕೀಲಿಕೈ ಇರುವುದು ಒಂದು ಮುಸ್ಲಿಮ್ ಕುಟುಂಬದ ಬಳಿ. ಬಾಗಿಲನ್ನು ತೆರೆದು ಮುಚ್ಚುವ ಹೊಣೆ ಇನ್ನೊಂದು ಮುಸ್ಲಿಮ್ ಕುಟುಂಬದ್ದು. ಜೌದಾ ಮನೆತನದವರು ಸುಮಾರು ಒಂದು ಅಡಿ ಉದ್ದದ ಕಬ್ಬಿಣದ ಕೀಲಿಕೈಯನ್ನು ಕಾಪಾಡುತ್ತಾರೆ, ನುಸೈಬಾ ಮನೆತನದವರು ಅದರಿಂದ ಬೀಗ ತೆಗೆಯುತ್ತಾರೆ. ನಸುಕಿನಲ್ಲಿ ಒಳಗಿರುವ ಪಾದ್ರಿಯೊಬ್ಬರು ಬಾಗಿಲಿನ ಪುಟ್ಟ ಕಿಂಡಿಯಿಂದ ಏಣಿಯೊಂದನ್ನು ಹೊರಗೆ ನೀಡುತ್ತಾರೆ. ಬಾಗಿಲು ಕಾಯುವವರು ಅದನ್ನೇರಿ ಮೇಲಿನ ಬೀಗವನ್ನು ತೆರೆಯುತ್ತಾರೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈಸಾ(ಅ)ರನ್ನು ಶಿಲುಬೆಗೇರಿಸಲಾಗಲಿಲ್ಲ ಎಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ನಿಲುವು (ಸೂರಃ ಅನ್ನಿಸಾ: 157). ಹಾಗಿರುವಾಗ ಆ ಬಾಗಿಲನ್ನು ಪ್ರತಿದಿನ ತೆರೆಯುವ ಮುಸ್ಲಿಮನಿಗೆ ಒಳಗಿರುವ ಸಮಾಧಿಯ ವಿಷಯದಲ್ಲಿ ಕ್ರೈಸ್ತರ ವಿಶ್ವಾಸವಿಲ್ಲ. ಆದರೂ ಅವನು ತೆರೆಯುತ್ತಾನೆ. ತಾನು ಒಪ್ಪದ ನಂಬಿಕೆಯ ಆರಾಧನಾಲಯವನ್ನು ಕಾಯುವ ಈ ಕಾಯಕದ ಹಿಂದೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಹೆಮ್ಮೆಪಡುವ ಪುಟಗಳಿರುವಂತೆಯೇ ತಲೆತಗ್ಗಿಸುವ ಪುಟಗಳೂ ಇವೆ. ನಮ್ಮ ಬರಹ, ಭಾಷಣಗಳಲ್ಲಿ ಮೊದಲಿನವುಗಳನ್ನಷ್ಟೇ ಓದಿ ಹೇಳುವ ರೂಢಿಯಾಗಿಬಿಟ್ಟಿದೆ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ನಿರ್ಮಾಣಗೊಂಡ ಈ ಚರ್ಚ್ ಕ್ರಿ.ಶ. 335ರಲ್ಲಿ ಪ್ರತಿಷ್ಠಾಪನೆಗೊಂಡಿತು. 614ರಲ್ಲಿ ಪರ್ಷಿಯನ್ನರು ಜೆರುಸಲೇಮನ್ನು ವಶಪಡಿಸಿಕೊಂಡು ಚರ್ಚಿಗೆ ಬೆಂಕಿಯಿಟ್ಟರು. ಅತ್ತ ಮಕ್ಕಾದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಬೆರಳೆಣಿಕೆಯ ಅನುಯಾಯಿಗಳು ಕಿರುಕುಳ ಅನುಭವಿಸುತ್ತಿದ್ದ ದಿನಗಳವು. ರೋಮನ್ನರು ಸೋತ ವಾರ್ತೆ ಕೇಳಿ ಮಕ್ಕಾದ ಬಹುದೇವಾರಾಧಕರು ಸಂಭ್ರಮಿಸಿದರೆಂದೂ ಮುಸ್ಲಿಮರು ದುಃಖಿಸಿದರೆಂದೂ ಕುರ್‌ಆನ್ ವ್ಯಾಖ್ಯಾನಕಾರರು ಹೇಳುತ್ತಾರೆ. ಸೂರಃ ಅರ್ರೂಮ್‌ನ ಆರಂಭದ ಸೂಕ್ತಗಳು ಅವತೀರ್ಣಗೊಂಡದ್ದು ಈ ಹಿನ್ನೆಲೆಯಲ್ಲಿ. ಸೋತ ರೋಮನ್ನರು ಕೆಲವೇ ವರ್ಷಗಳಲ್ಲಿ ಗೆಲ್ಲುವರೆಂಬ ಮುನ್ಸೂಚನೆ ಅವುಗಳಲ್ಲಿದೆ. ಸರಿಸುಮಾರು ಅದೇ ಕಾಲದಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮುಸ್ಲಿಮರ ಮೊದಲ ತಂಡಕ್ಕೆ ಆಶ್ರಯ ನೀಡಿದ್ದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ. ಆತನ ಆಸ್ಥಾನದಲ್ಲಿ ಜಾಫರ್ ಬಿನ್ ಅಬೀತಾಲಿಬ್(ರ) ಸೂರಃ ಮರ್ಯಮ್‌ನ ಭಾಗವನ್ನು ಪಠಿಸಿದ ಪ್ರಸಂಗ ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಮುಸ್ಲಿಮರು ಅಧಿಕಾರಕ್ಕೆ ಬರುವ ಮೊದಲು ಕ್ರೈಸ್ತನೊಬ್ಬನ ಆಶ್ರಯದಲ್ಲಿ ಬದುಕಿದ್ದರು ಎಂಬ ಕ್ರಮವನ್ನು ನೆನಪಿಟ್ಟುಕೊಂಡೇ ಜೆರುಸಲೇಮಿಗೆ ಬರಬೇಕು.

ಕ್ರಿ.ಶ. 638ರ ಸುಮಾರಿಗೆ ನಗರ ಶರಣಾಯಿತು. ಕೀಲಿಕೈಯನ್ನು ಖಲೀಫರಿಗೇ ಒಪ್ಪಿಸುವೆನೆಂದು ಪ್ಯಾಟ್ರಿಯಾರ್ಕ್ ಸೊಫ್ರೋನಿಯಸ್ ಹಟ ಹಿಡಿದರೆಂದೂ, ಅದಕ್ಕಾಗಿ ಹಝ್ರತ್ ಉಮರ್(ರ) ಮದೀನಾದಿಂದ ಬಂದರೆಂದೂ ಪರಂಪರೆ ಹೇಳುತ್ತದೆ. ನಗರವಾಸಿಗಳ ಪ್ರಾಣ, ಸೊತ್ತು, ಚರ್ಚ್ ಮತ್ತು ಶಿಲುಬೆಗಳಿಗೆ ಅವರು ನೀಡಿದ ಅಭಯಪತ್ರದ ಒಕ್ಕಣೆಯನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಅದೇ ಒಕ್ಕಣೆಯಲ್ಲಿ ಯಹೂದಿಗಳು ನಗರದಲ್ಲಿ ವಾಸಿಸಬಾರದೆಂಬ ಮಾತೂ ಇದೆ. ಆದರೆ ಉಮರ್(ರ)ರ ಕಾಲದ ನಂತರ ಜೆರುಸಲೇಮಿನಲ್ಲಿ ಯಹೂದಿಗಳು ಮತ್ತೆ ನೆಲೆಸಿದ್ದು ಖಚಿತ ಚರಿತ್ರೆಯಾದ್ದರಿಂದ, ಆ ಪಾಠ ಎಷ್ಟರ ಮಟ್ಟಿಗೆ ಮೂಲದ್ದು ಎಂಬ ಚರ್ಚೆ ವಿದ್ವಾಂಸರಲ್ಲಿದೆ.

ಇನ್ನು ನಾವೆಲ್ಲರೂ ಕೇಳಿರುವ ಆ ಪ್ರಸಿದ್ಧ ಪ್ರಸಂಗ. ಚರ್ಚಿನಲ್ಲಿದ್ದಾಗ ನಮಾಝಿನ ಹೊತ್ತಾಯಿತು. ಅಲ್ಲಿಯೇ ಪ್ರಾರ್ಥಿಸಬಹುದೆಂದು ಪ್ಯಾಟ್ರಿಯಾರ್ಕ್ ಹೇಳಿದರೂ ಉಮರ್(ರ) ಒಪ್ಪಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಒಬ್ಬರೇ ನಮಾಝ್ ನಿರ್ವಹಿಸಿದರು. ‘ಉಮರ್ ಇಲ್ಲಿ ನಮಾಝ್ ಮಾಡಿದ್ದರು’ ಎನ್ನುತ್ತಾ ಮುಂದೆ ಮುಸ್ಲಿಮರು ಚರ್ಚನ್ನು ಕಸಿದುಕೊಂಡಾರೆಂಬ ಆತಂಕ ಅವರದು. ಈ ಘಟನೆಯನ್ನು ನಮಗೆ ವಿಸ್ತಾರವಾಗಿ ತಿಳಿಸುವವರು ಯಾರು? ಮುಸ್ಲಿಮ್ ಇತಿಹಾಸಕಾರರಲ್ಲ, ಹತ್ತನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಪ್ಯಾಟ್ರಿಯಾರ್ಕ್ ಆಗಿದ್ದ ಕ್ರೈಸ್ತ ವಿದ್ವಾಂಸ ಸಯೀದ್ ಬಿನ್ ಬಿತ್ರೀಕ್. ಪಾಶ್ಚಾತ್ಯರು ಅವರನ್ನು ಯುಟಿಕಿಯಸ್ ಎನ್ನುತ್ತಾರೆ. ಅವರು ಇದನ್ನು ಬರೆದದ್ದು ಕೇವಲ ಹೊಗಳಿಕೆಗಾಗಿ ಅಲ್ಲ. ತಮ್ಮ ಕಾಲದ ಮುಸ್ಲಿಮರು ಉಮರ್(ರ)ರ ಲಿಖಿತ ಆಜ್ಞೆಯನ್ನು ಮುರಿದು, ಚರ್ಚಿನ ಪ್ರವೇಶದ್ವಾರದ ಭಾಗವನ್ನು ಆಕ್ರಮಿಸಿ ಅಲ್ಲಿ ಮಸೀದಿ ಕಟ್ಟಿದ್ದಾರೆಂಬ ದೂರನ್ನೂ ಅದರೊಂದಿಗೇ ದಾಖಲಿಸಿದ್ದಾರೆ. ಉಮರ್(ರ) ಯಾವುದಕ್ಕೆ ಹೆದರಿದ್ದರೋ ಅದು ಮುನ್ನೂರು ವರ್ಷಗಳೊಳಗೆ ನಡೆದೇ ಹೋಯಿತು! ಈ ಉತ್ತರಾರ್ಧವನ್ನು ವೇದಿಕೆಗಳಲ್ಲಿ ಕೇಳಿದ್ದು ಕಡಿಮೆ. ಇಂದು ಚರ್ಚಿನ ಎದುರಿಗೆ ಕಾಣುವ ‘ಉಮರ್ ಮಸೀದಿ’ ಅದಲ್ಲ. ಅದನ್ನು 1193ರಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಮಗ ಅಲ್ ಅಫ್ದಲ್ ಕಟ್ಟಿಸಿದ್ದು. ಉಮರ್(ರ)ರ ಕಾಲದಲ್ಲಿ ಚರ್ಚಿನ ಮುಖ್ಯದ್ವಾರ ಪೂರ್ವಕ್ಕಿತ್ತು, ಈಗಿನದು ದಕ್ಷಿಣಕ್ಕಿದೆ.

1009ರಲ್ಲಿ ಇದಕ್ಕಿಂತ ಘೋರವಾದದ್ದು ಸಂಭವಿಸಿತು. ಈಜಿಪ್ಟಿನ ಫಾತಿಮೀ ಖಲೀಫ ಅಲ್ ಹಾಕಿಮ್‌ನ ಆಜ್ಞೆಯಂತೆ ಇಡೀ ಚರ್ಚನ್ನು ಕೆಡವಲಾಯಿತು. ಆತ ವಿಕ್ಷಿಪ್ತನಾಗಿದ್ದ, ಮುಸ್ಲಿಮರನ್ನೂ ಪೀಡಿಸಿದ್ದ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಅದು ನಿಜವಿರಬಹುದು, ಆದರೆ ಕೆಡವಿದ ಕೈಗಳು ಅವನೊಬ್ಬನವಲ್ಲ. ಅವನ ನಂತರದವರು ಬೈಝಂಟೈನ್ ಚಕ್ರವರ್ತಿಯೊಂದಿಗೆ ಒಪ್ಪಂದ ಮಾಡಿಕೊಂಡು ಮರುನಿರ್ಮಾಣಕ್ಕೆ ಅನುಮತಿಯಿತ್ತರು. 1048ರ ವೇಳೆಗೆ ಚರ್ಚ್ ಮತ್ತೆ ಎದ್ದು ನಿಂತಿತು. ಆದರೆ ಅದರ ನಾಶದ ನೆನಪು ಯುರೋಪಿನಲ್ಲಿ ಉಳಿಯಿತು. 1095ರಲ್ಲಿ ಶಿಲುಬೆ ಯುದ್ಧದ ಕರೆ ಹೊರಟಾಗ ಅದು ಉಪಯೋಗಕ್ಕೂ ಬಂತು.

1099ರ ಜುಲೈ 15ರಂದು ಯುರೋಪಿನ ಸೇನೆ ಜೆರುಸಲೇಮಿಗೆ ನುಗ್ಗಿ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದದ್ದು ಸರ್ವವಿದಿತ. ಅಷ್ಟಾಗಿ ಚರ್ಚೆಯಾಗದ ಸಂಗತಿ ಇನ್ನೊಂದಿದೆ. ಪೂರ್ವದ ಕ್ರೈಸ್ತರನ್ನು ರಕ್ಷಿಸಲೆಂದು ಬಂದವರು ಚರ್ಚ್ ಕೈಗೆ ಬಂದೊಡನೆ ಅಲ್ಲಿನ ಗ್ರೀಕ್, ಅರ್ಮೀನಿಯನ್, ಸಿರಿಯಾಕ್, ಕಾಪ್ಟಿಕ್ ಪಾದ್ರಿಗಳನ್ನು ಹೊರದಬ್ಬಿ, ಲ್ಯಾಟಿನ್ ಪ್ಯಾಟ್ರಿಯಾರ್ಕನನ್ನು ಪೀಠಕ್ಕೇರಿಸಿದರು. ಇಂದಿನ ಅಂತಾರಾಷ್ಟ್ರೀಯ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ‘ರಕ್ಷಣೆ’ಯ ಹೆಸರಿನಲ್ಲಿ ಬಂದವರಿಗೆ ರಕ್ಷಿಸಲ್ಪಡಬೇಕಾದವರ ಅಭಿಪ್ರಾಯ ಎಂದೂ ಬೇಕಾಗಿರಲಿಲ್ಲ. 1204ರಲ್ಲಿ ಮತ್ತೊಂದು ಶಿಲುಬೆ ಯುದ್ಧದ ಸೇನೆ ಜೆರುಸಲೇಮಿನ ಹಾದಿ ಬಿಟ್ಟು ಕಾನ್‌ಸ್ಟಾಂಟಿನೋಪಲನ್ನೇ ಕೊಳ್ಳೆ ಹೊಡೆಯಿತು. ಅಂದು ಹಾಗಿಯಾ ಸೋಫಿಯಾವನ್ನು ಲೂಟಿ ಮಾಡಿದವರು ಕ್ರೈಸ್ತರೇ.

1187ರ ಅಕ್ಟೋಬರ್ 2ರಂದು ಸಲಾಹುದ್ದೀನ್ ನಗರವನ್ನು ಮರಳಿ ಪಡೆದಾಗ, ಚರ್ಚನ್ನು ನೆಲಸಮ ಮಾಡಿದರೆ ಯುರೋಪಿನವರು ಮತ್ತೆ ಬರಲಾರರೆಂದು ಕೆಲವರು ಸಲಹೆಯಿತ್ತರು. ಇತರರು ಉಮರ್(ರ)ರ ನಡೆಯನ್ನು ನೆನಪಿಸಿದರು. ಸುಲ್ತಾನರು ಎರಡನೆಯ ಮಾತನ್ನು ಒಪ್ಪಿದರು. ಅವರ ಕಾರ್ಯದರ್ಶಿ ಇಮಾದುದ್ದೀನ್ ಈ ಸಮಾಲೋಚನೆಯನ್ನು ದಾಖಲಿಸಿದ್ದಾರೆ. ಸಣ್ಣ ಅವಧಿಗೆ ಮುಚ್ಚಿದ್ದ ಚರ್ಚನ್ನು ತೆರೆಯಲಾಯಿತು, ಯಾತ್ರಿಕರಿಂದ ಸುಂಕವನ್ನೂ ವಸೂಲು ಮಾಡಲಾಯಿತು. ಜೌದಾ ಮನೆತನದವರು ತಮ್ಮ ಕೀಲಿಕೈಯ ಹಕ್ಕನ್ನು ಈ ಕಾಲಕ್ಕೆ ಒಯ್ಯುತ್ತಾರೆ. ನುಸೈಬಾ ಮನೆತನದವರು ತಮ್ಮ ಸೇವೆ ಉಮರ್(ರ)ರಿಂದಲೇ ಆರಂಭವಾಯಿತೆನ್ನುತ್ತಾರೆ.

ಮುಸ್ಲಿಮರ ಕೈಯಲ್ಲಿ ಕೀಲಿಕೈ ಉಳಿಯಲು ಇನ್ನೊಂದು ಕಾರಣವೂ ಇದೆ: ಚರ್ಚಿನೊಳಗಿನ ಪಂಗಡಗಳಿಗೆ ಪರಸ್ಪರ ನಂಬಿಕೆಯಿಲ್ಲದಿರುವುದು. ಗ್ರೀಕ್ ಆರ್ಥೊಡಾಕ್ಸ್, ಲ್ಯಾಟಿನ್ ಕೆಥೋಲಿಕ್, ಅರ್ಮೀನಿಯನ್, ಕಾಪ್ಟಿಕ್, ಸಿರಿಯಾಕ್, ಇಥಿಯೋಪಿಯನ್ ಎಂಬ ಆರು ಪಂಗಡಗಳು ಆ ಒಂದೇ ಸೂರಿನಡಿ ಇವೆ. ಯಾವ ಕಂಬ ಯಾರದು, ಯಾವ ದೀಪವನ್ನು ಯಾರು ಹಚ್ಚಬೇಕು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು ಎಂಬುದೆಲ್ಲ ನಿಗದಿಯಾಗಿದೆ. ಗುಡಿಸುವುದು ಎಂದರೆ ಅಲ್ಲಿ ಒಡೆತನದ ಘೋಷಣೆ. 2002ರ ಬೇಸಗೆಯಲ್ಲಿ ಚರ್ಚಿನ ಛಾವಣಿಯ ಮೇಲಿರುವ ದೈರ್ ಅಸ್ಸುಲ್ತಾನ್ ಮಠದಲ್ಲಿ ಕಾಪ್ಟಿಕ್ ಸನ್ಯಾಸಿಯೊಬ್ಬರು ಬಿಸಿಲು ತಾಳಲಾರದೆ ತಮ್ಮ ಕುರ್ಚಿಯನ್ನು ನೆರಳಿಗೆ ಸರಿಸಿಕೊಂಡರು. ಇಥಿಯೋಪಿಯನ್ ಸನ್ಯಾಸಿಗಳು ಅದನ್ನು ಗಡಿ ಉಲ್ಲಂಘನೆಯೆಂದು ಪರಿಗಣಿಸಿದರು. ಹೊಡೆದಾಟದಲ್ಲಿ ಹನ್ನೊಂದು ಮಂದಿ ಗಾಯಗೊಂಡರು. ನಗುವ ಮುನ್ನ ನಮ್ಮ ಮೊಹಲ್ಲಾಗಳಲ್ಲಿ ಮಸೀದಿಯ ಆಡಳಿತ ಸಮಿತಿಗಾಗಿ ನಡೆಯುವ ಜಗಳಗಳನ್ನು ನೆನೆದುಕೊಳ್ಳುವುದು ಒಳ್ಳೆಯದು. ಚರ್ಚಿನ ಮುಂಭಾಗದ ಕಿಟಕಿಯೊಂದರ ಕೆಳಗೆ ಮರದ ಸಣ್ಣ ಏಣಿಯೊಂದಿದೆ. ಹದಿನೆಂಟನೆಯ ಶತಮಾನದ ಚಿತ್ರಗಳಲ್ಲೂ ಅದು ಕಾಣುತ್ತದೆ. ಅದನ್ನು ತೆಗೆಯಲು ಎಲ್ಲರ ಒಪ್ಪಿಗೆ ಬೇಕು, ಆದ್ದರಿಂದ ಏಣಿ ಅಲ್ಲೇ ಇದೆ.

ಈ ಯಥಾಸ್ಥಿತಿಯನ್ನು ಕಾನೂನಾಗಿ ನಿಲ್ಲಿಸಿದ್ದು ಉಸ್ಮಾನೀ ಸುಲ್ತಾನರು, 1757 ಮತ್ತು 1852ರ ಫರ್ಮಾನುಗಳ ಮೂಲಕ. ಅದರ ಹಿಂದೆ ಕೇವಲ ಧಾರ್ಮಿಕ ಜಗಳವಿರಲಿಲ್ಲ. ಕೆಥೋಲಿಕರ ಪೋಷಕನೆಂಬ ಹಕ್ಕನ್ನು ಫ್ರಾನ್ಸ್ 1740ರ ಒಪ್ಪಂದದ ಬಲದಿಂದ ಮಂಡಿಸುತ್ತಿತ್ತು. ಆರ್ಥೊಡಾಕ್ಸರ ರಕ್ಷಕ ತಾನೆಂದು ರಷ್ಯಾ 1774ರ ಕುಚುಕ್ ಕೈನಾರ್ಜಾ ಒಪ್ಪಂದವನ್ನು ತೋರಿಸುತ್ತಿತ್ತು. 1847ರಲ್ಲಿ ಬೆತ್ಲೆಹೇಮಿನ ಯೇಸು ಜನನದ ಚರ್ಚಿನಿಂದ ಲ್ಯಾಟಿನ್ ಬರಹವಿದ್ದ ಬೆಳ್ಳಿಯ ನಕ್ಷತ್ರವೊಂದು ಕಾಣೆಯಾಯಿತು. ಕೆಥೋಲಿಕರು ಗ್ರೀಕರ ಮೇಲೆ ಆರೋಪ ಹೊರಿಸಿದರು. ಪ್ಯಾರಿಸ್ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ಎರಡೂ ಇಸ್ತಾಂಬುಲಿನ ಮೇಲೆ ಒತ್ತಡ ಹೇರಿದವು. ಆ ಎಳೆದಾಟ ಕ್ರಿಮಿಯಾ ಯುದ್ಧಕ್ಕೆ (1853–56) ನೆಪವಾಗಿ ಲಕ್ಷಗಟ್ಟಲೆ ಸೈನಿಕರು ಸತ್ತರು. ಇಂಗ್ಲೆಂಡ್ ಮತ್ತು ಫ್ರಾನ್ಸ್ ಎಂಬ ಕ್ರೈಸ್ತ ರಾಷ್ಟ್ರಗಳು ಮುಸ್ಲಿಮ್ ಸುಲ್ತಾನನ ಪಕ್ಷದಲ್ಲಿ ನಿಂತು ಕ್ರೈಸ್ತ ರಷ್ಯಾದ ವಿರುದ್ಧ ಕಾದಿದ ಯುದ್ಧವದು! ಧರ್ಮಕ್ಕಾಗಿ ಧರ್ಮಯುದ್ಧ ನಡೆಯುತ್ತದೆಂದು ನಂಬುವವರು ಈ ಸಾಲನ್ನು ಎರಡು ಬಾರಿ ಓದಬೇಕು. 1878ರ ಬರ್ಲಿನ್ ಒಪ್ಪಂದದ 62ನೆಯ ವಿಧಿಯಲ್ಲಿ ಪವಿತ್ರ ಸ್ಥಳಗಳ ಯಥಾಸ್ಥಿತಿಗೆ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು.

1917ರ ಡಿಸೆಂಬರ್ 11ರಂದು ಬ್ರಿಟಿಷ್ ಸೇನಾಪತಿ ಅಲೆನ್‌ಬಿ ಜಾಫಾ ದ್ವಾರದ ಮೂಲಕ ಕಾಲ್ನಡಿಗೆಯಲ್ಲಿ ಜೆರುಸಲೇಮನ್ನು ಪ್ರವೇಶಿಸಿದ. ಇದನ್ನು ಶಿಲುಬೆ ಯುದ್ಧವೆಂದು ಬಣ್ಣಿಸಬೇಡಿರೆಂದು ಬ್ರಿಟಿಷ್ ಸರಕಾರ ಮೊದಲೇ ಪತ್ರಿಕೆಗಳಿಗೆ ಸೂಚನೆಯಿತ್ತಿತ್ತು. ಸಾಮ್ರಾಜ್ಯದಲ್ಲಿ ಭಾರತದ ಕೋಟ್ಯಂತರ ಮುಸ್ಲಿಮರಿದ್ದರಲ್ಲ! ಆದರೂ ‘ಪಂಚ್’ ಪತ್ರಿಕೆ ರಿಚರ್ಡ್ ದೊರೆ ಜೆರುಸಲೇಮನ್ನು ನೋಡಿ ತೃಪ್ತಿಪಡುವ ವ್ಯಂಗ್ಯಚಿತ್ರ ಪ್ರಕಟಿಸಿತು. ಅಲೆನ್‌ಬಿ ಮಾಡಿದ ಎರಡು ವ್ಯವಸ್ಥೆಗಳು ಮಾತ್ರ ಇಲ್ಲಿ ಉಲ್ಲೇಖನೀಯ. ಹರಮ್ ಶರೀಫಿನ ಸುತ್ತ ಭಾರತೀಯ ಮುಸ್ಲಿಮ್ ಸೈನಿಕರ ಕಾವಲು ಹಾಕಿಸಿದ. ಪವಿತ್ರ ಸಮಾಧಿಯ ಬಾಗಿಲು ಕಾಯುವ ಮನೆತನದವರಿಗೆ, ಆ ಚರ್ಚನ್ನು ರಕ್ಷಿಸಿದ ಖಲೀಫಾ ಉಮರರ ಔದಾರ್ಯದ ನೆನಪಿಗಾಗಿ, ತಮ್ಮ ಎಂದಿನ ಕರ್ತವ್ಯ ಮುಂದುವರಿಸುವಂತೆ ಕೇಳಿಕೊಂಡ. ಮರುವರ್ಷ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರೊಂದಿಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಮೈಸೂರಿನ ಸವಾರರು ಪ್ಯಾಲೆಸ್ಟೈನಿನಲ್ಲಿ ಯಾರ ಯುದ್ಧ ಮಾಡಿದರು ಎಂಬ ಪ್ರಶ್ನೆಯನ್ನು ಕನ್ನಡಿಗರು ಕೇಳಿಕೊಂಡದ್ದು ವಿರಳ.

ಜೆರುಸಲೇಮನ್ನು ಗೆಲ್ಲುವ ತಿಂಗಳ ಮೊದಲೇ ಬಾಲ್ಫರ್ ಘೋಷಣೆ ಹೊರಬಿದ್ದಿತ್ತು. ಅದಕ್ಕೆ ಯುದ್ಧತಂತ್ರದ ಕಾರಣಗಳು ಹಲವಿದ್ದವು. ಅವುಗಳ ಜೊತೆ ಪ್ರಾಟೆಸ್ಟೆಂಟ್ ಲೋಕದಲ್ಲಿ ಹುಟ್ಟಿದ ಒಂದು ದೇವತಾಶಾಸ್ತ್ರವೂ ಇತ್ತು. ಯಹೂದಿಗಳು ಪ್ಯಾಲೆಸ್ಟೈನಿಗೆ ಮರಳುವುದು ಯೇಸುವಿನ ಪುನರಾಗಮನದ ಮುನ್ಸೂಚನೆಯೆಂದು ಅದು ಬೋಧಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶಾಫ್ಟ್ಸ್‌ಬರಿ ಪ್ರಭು ಇದರ ಪರವಾಗಿ ಮಂತ್ರಿಗಳ ಬಾಗಿಲು ತಟ್ಟಿದ. ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟ. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಈ ಬೋಧನೆಯಲ್ಲಿ ಯಹೂದಿಗಳ ಮೇಲೆ ಪ್ರೀತಿಯಿದೆಯೆಂದು ತೋರಬಹುದು. ಆದರೆ ಅದರ ಅಂತಿಮ ಅಧ್ಯಾಯದಲ್ಲಿ ಯೇಸುವನ್ನು ಒಪ್ಪದ ಯಹೂದಿಗೂ ಸ್ಥಾನವಿಲ್ಲ. ಇನ್ನು ಪ್ಯಾಲೆಸ್ಟೈನಿನ ಕ್ರೈಸ್ತನಿಗೆ ಅದರಲ್ಲಿ ಪಾತ್ರವೇ ಇಲ್ಲ.

ಆ ಪಾತ್ರವಿಲ್ಲದವರ ಕಥೆ ಇಕ್ರಿತ್ ಎಂಬ ಹಳ್ಳಿಯಲ್ಲಿದೆ. ಲೆಬನಾನ್ ಗಡಿಯ ಸಮೀಪದ ಈ ಹಳ್ಳಿಯವರು ಗ್ರೀಕ್ ಕೆಥೋಲಿಕ್ ಅರಬರು. 1948ರಲ್ಲಿ ಇಸ್ರೇಲಿ ಸೇನೆ ಎರಡು ವಾರದ ಮಟ್ಟಿಗೆ ಹೊರಗಿರಿ ಎಂದು ಅವರನ್ನು ಊರಿನಿಂದ ಕಳುಹಿಸಿತು. ಎರಡು ವಾರ ಮುಗಿಯಲೇ ಇಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1951ರ ಜುಲೈಯಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ಸೇನೆ ಹಳ್ಳಿಯ ಮನೆಗಳನ್ನೆಲ್ಲ ಸ್ಫೋಟಿಸಿ ಉರುಳಿಸಿತು. ಚರ್ಚನ್ನು ಮಾತ್ರ ಉಳಿಸಿತು. ಎರಡು ವರ್ಷಗಳ ನಂತರ ನೆರೆಯ ಮಾರೊನೈಟ್ ಕ್ರೈಸ್ತರ ಹಳ್ಳಿ ಬಿರ್‌ಇಮ್‌ಗೂ ಅದೇ ಗತಿಯಾಯಿತು. ಇಕ್ರಿತಿನ ಜನರಿಗೆ ಎಪ್ಪತ್ತರ ದಶಕದಿಂದ ತಮ್ಮ ಸತ್ತವರನ್ನು ಊರಿನ ಸ್ಮಶಾನದಲ್ಲಿ ಹೂಳಲು ಅನುಮತಿಯಿದೆ, ಬದುಕಿರುವವರು ಮನೆ ಕಟ್ಟಲು ಇಲ್ಲ. ಪ್ಯಾಲೆಸ್ಟೈನಿನ ಸಮಸ್ಯೆಯನ್ನು ಮುಸ್ಲಿಮ್–ಯಹೂದಿ ಕಲಹವೆಂದಷ್ಟೇ ಚಿತ್ರಿಸುವವರು ಎರಡೂ ಕಡೆಯಲ್ಲಿದ್ದಾರೆ. ಇಕ್ರಿತ್ ಇಬ್ಬರಿಗೂ ಅನನುಕೂಲ.

1922ರ ಬ್ರಿಟಿಷ್ ಜನಗಣತಿಯಲ್ಲಿ ಜೆರುಸಲೇಮಿನ ಸುಮಾರು 62,500 ನಿವಾಸಿಗಳಲ್ಲಿ 14,699 ಮಂದಿ ಕ್ರೈಸ್ತರಿದ್ದರು, ಮುಸ್ಲಿಮರಿಗಿಂತಲೂ ಹೆಚ್ಚು. ಇಂದು ಹತ್ತು ಲಕ್ಷದ ಸಮೀಪಕ್ಕೆ ಬೆಳೆದ ನಗರದಲ್ಲಿ ಅವರು ಶೇಕಡಾ ಎರಡಕ್ಕಿಂತ ಕಡಿಮೆ.

2006ರಲ್ಲಿ ಒಂದೇ ವಿಷಯದ ಮೇಲೆ ಎರಡು ಘಟನೆಗಳು ನಡೆದವು. ಅಮೆರಿಕದ ಬೋಧಕ ಜಾನ್ ಹ್ಯಾಗಿ ಇಸ್ರೇಲಿನ ಬೆಂಬಲಕ್ಕಾಗಿ ಇವ್ಯಾಂಜೆಲಿಕಲ್ ಕ್ರೈಸ್ತರ ದೊಡ್ಡ ಸಂಘಟನೆಯೊಂದನ್ನು ಕಟ್ಟಿದರು. ಅದೇ ವರ್ಷದ ಆಗಸ್ಟಿನಲ್ಲಿ ಜೆರುಸಲೇಮಿನ ಲ್ಯಾಟಿನ್ ಪ್ಯಾಟ್ರಿಯಾರ್ಕ್ ಮಿಶೆಲ್ ಸಬ್ಬಾಹ್ ಸೇರಿದಂತೆ ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್, ಲುಥರನ್ ಚರ್ಚುಗಳ ನಾಯಕರು ಜಂಟಿ ಹೇಳಿಕೆ ಹೊರಡಿಸಿ, ಕ್ರೈಸ್ತ ಝಿಯೋನಿಸಮ್ ಸುಳ್ಳು ಬೋಧನೆಯೆಂದೂ ಸುವಾರ್ತೆಯ ಪ್ರೀತಿ ಮತ್ತು ನ್ಯಾಯವನ್ನು ಕೆಡಿಸುತ್ತದೆಂದೂ ತಿರಸ್ಕರಿಸಿದರು. ವಾಷಿಂಗ್ಟನ್ ಯಾರ ಮಾತನ್ನು ಕೇಳಿತು? 2017ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಜೆರುಸಲೇಮನ್ನು ಇಸ್ರೇಲಿನ ರಾಜಧಾನಿಯೆಂದು ಮಾನ್ಯ ಮಾಡುವ ಮುನ್ನ ಅಲ್ಲಿನ ಚರ್ಚುಗಳ ಮುಖ್ಯಸ್ಥರು ಪತ್ರ ಬರೆದು, ಬೇಡವೆಂದು ಕೋರಿದ್ದರು. ಈಜಿಪ್ಟಿನ ಕಾಪ್ಟಿಕ್ ಪೋಪ್ ತವಾದ್ರೋಸ್ ಅಮೆರಿಕದ ಉಪಾಧ್ಯಕ್ಷರ ಭೇಟಿಯನ್ನೇ ನಿರಾಕರಿಸಿದರು. 2018ರ ಮೇ 14ರಂದು ದೂತಾವಾಸದ ಉದ್ಘಾಟನೆಯಲ್ಲಿ ಪ್ರಾರ್ಥನೆ ಸಲ್ಲಿಸಿದವರಲ್ಲಿ ಹ್ಯಾಗಿಯೂ ಒಬ್ಬರು.

ಅದೇ ವರ್ಷದ ಫೆಬ್ರವರಿಯಲ್ಲಿ ಚರ್ಚಿನ ಆಸ್ತಿಗಳ ಮೇಲೆ ನಗರಸಭೆ ತೆರಿಗೆ ಹೇರಲು ಹೊರಟಾಗ, ಜೊತೆಗೆ ಚರ್ಚ್ ಜಮೀನುಗಳ ಬಗ್ಗೆ ಮಸೂದೆಯೊಂದು ಸಿದ್ಧವಾದಾಗ, ಗ್ರೀಕ್, ಲ್ಯಾಟಿನ್, ಅರ್ಮೀನಿಯನ್ ನಾಯಕರು ಪ್ರತಿಭಟನೆಯಾಗಿ ಪವಿತ್ರ ಸಮಾಧಿಯ ಬಾಗಿಲನ್ನು ಮುಚ್ಚಿಸಿದರು. ಮೂರು ದಿನ ಯಾತ್ರಿಕರು ಹೊರಗೆ ಮೊಣಕಾಲೂರಿ ಪ್ರಾರ್ಥಿಸಿದರು. ಸರಕಾರ ಹಿಂದೆ ಸರಿದ ಬಳಿಕ ಫೆಬ್ರವರಿ 28ರಂದು ಬಾಗಿಲು ತೆರೆಯಿತು.

ಇಷ್ಟನ್ನು ಬರೆದು ನಮ್ಮ ಕಡೆಯದನ್ನು ಬಿಟ್ಟರೆ ಅದು ಅಪ್ರಾಮಾಣಿಕತೆ. 2003ರ ಅಮೆರಿಕದ ದಾಳಿಗೆ ಮುನ್ನ ಇರಾಕಿನಲ್ಲಿ ಸುಮಾರು ಹದಿನಾಲ್ಕು ಲಕ್ಷ ಕ್ರೈಸ್ತರಿದ್ದರೆಂದು ಅಂದಾಜು, ಇಂದು ಮೂರು ಲಕ್ಷಕ್ಕಿಂತಲೂ ಕಡಿಮೆ. ಆ ದಾಳಿ ಬಾಗಿಲು ತೆರೆಯಿತು ನಿಜ, ಆದರೆ ಒಳನುಗ್ಗಿ ಅವರನ್ನು ಓಡಿಸಿದವರು ಇಸ್ಲಾಮಿನ ಹೆಸರು ಹೇಳುವವರು. 2014ರ ಜುಲೈಯಲ್ಲಿ ಐಸಿಸ್ ಮೋಸುಲಿನ ಕ್ರೈಸ್ತರ ಮನೆಗಳ ಮೇಲೆ ‘ನಸ್ರಾನಿ’ ಎಂಬುದರ ಮೊದಲಕ್ಷರ ‘ನೂನ್’ ಬರೆದು ಗುರುತು ಹಾಕಿ, ಮತಾಂತರ, ತೆರಿಗೆ ಅಥವಾ ಖಡ್ಗ ಎಂದಿತು. ನಾವು ಮಕ್ಕಳಿಗೆ ಕಲಿಸುವ ಅದೇ ನೂನ್. 2020ರಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಹಾಗಿಯಾ ಸೋಫಿಯಾವನ್ನು ಮತ್ತೆ ಮಸೀದಿಯಾಗಿಸಿದಾಗ ನಮ್ಮಲ್ಲಿ ಅನೇಕರು ಸಿಹಿ ಹಂಚಿದಷ್ಟು ಖುಷಿಪಟ್ಟರು. 1453ರ ವಿಜೇತರ ಹಕ್ಕು, ವಕ್ಫ್ ಪತ್ರ ಎಂಬ ವಾದಗಳನ್ನು ನಾನು ಬಲ್ಲೆ. ಆದರೆ ಮೆಟ್ಟಿಲ ಮೇಲೆ ನಮಾಝ್ ಮಾಡಿದ ಖಲೀಫರ ಕಥೆ ಹೇಳುವ ನಾಲಗೆಗೆ ಆ ಸಂಭ್ರಮ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಸೂರಃ ಅಲ್ ಹಜ್ಜ್‌ನ 40ನೆಯ ಸೂಕ್ತ ದೇವನಾಮ ಸ್ಮರಣೆಯ ತಾಣಗಳನ್ನು ಹೆಸರಿಸುವಾಗ ಸನ್ಯಾಸಿಗಳ ಮಠ, ಚರ್ಚ್ ಮತ್ತು ಯಹೂದಿ ಆರಾಧನಾಲಯಗಳನ್ನು ಮಸೀದಿಗಿಂತ ಮೊದಲೇ ಉಲ್ಲೇಖಿಸುತ್ತದೆ.

2023ರ ಅಕ್ಟೋಬರಿನಲ್ಲಿ ಗಾಝಾದಲ್ಲಿ ಉಳಿದಿದ್ದ ಕ್ರೈಸ್ತರು ಸುಮಾರು ಒಂದು ಸಾವಿರ ಮಾತ್ರ. ಮನೆ ಕಳೆದುಕೊಂಡವರು ಸಂತ ಪೋರ್ಫಿರಿಯಸ್ ಹಾಗೂ ಪವಿತ್ರ ಕುಟುಂಬದ ಚರ್ಚುಗಳಲ್ಲಿ ಆಶ್ರಯ ಪಡೆದರು. ಅಕ್ಟೋಬರ್ 19ರ ರಾತ್ರಿ ಇಸ್ರೇಲಿ ವಾಯುದಾಳಿಗೆ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದ ಕಟ್ಟಡ ಕುಸಿದು ಮಕ್ಕಳೂ ಸೇರಿ ಹದಿನೇಳಕ್ಕೂ ಕಡಿಮೆಯಿಲ್ಲದ ಮಂದಿ ಮಡಿದರು. ಆ ವರ್ಷ ಬೆತ್ಲೆಹೇಮಿನಲ್ಲಿ ಕ್ರಿಸ್‌ಮಸ್ ಸಂಭ್ರಮ ನಡೆಯಲಿಲ್ಲ. ಅಲ್ಲಿನ ಲುಥರನ್ ಚರ್ಚಿನಲ್ಲಿ ಗೋದಲಿಯ ಬದಲು ಕಲ್ಲುಮಣ್ಣಿನ ರಾಶಿಯ ನಡುವೆ ಶಿಶುವಿನ ಬೊಂಬೆಯನ್ನು ಮಲಗಿಸಲಾಗಿತ್ತು. ಪೋಪ್ ಫ್ರಾನ್ಸಿಸ್ 2025ರ ಏಪ್ರಿಲಿನಲ್ಲಿ ನಿಧನರಾಗುವ ಕೊನೆಯ ದಿನಗಳವರೆಗೂ ಹೆಚ್ಚುಕಡಿಮೆ ಪ್ರತಿ ಸಂಜೆ ಗಾಝಾದ ಪವಿತ್ರ ಕುಟುಂಬದ ಚರ್ಚಿಗೆ ಫೋನ್ ಮಾಡಿ ಇವತ್ತು ಏನು ಉಂಡಿರಿ ಎಂದು ವಿಚಾರಿಸುತ್ತಿದ್ದರು. ಜುಲೈ 17ರಂದು ಅದೇ ಚರ್ಚಿನ ಮೇಲೆ ಶೆಲ್ ಬಿದ್ದು ಮೂವರು ಸತ್ತರು. ಗುರಿ ತಪ್ಪಿತೆಂದು ಇಸ್ರೇಲ್ ವಿಷಾದ ವ್ಯಕ್ತಪಡಿಸಿತು.

ಮರುದಿನ ಜೆರುಸಲೇಮಿನಿಂದ ಇಬ್ಬರು ಗಾಝಾಕ್ಕೆ ಬಂದರು: ಲ್ಯಾಟಿನ್ ಪ್ಯಾಟ್ರಿಯಾರ್ಕ್ ಕಾರ್ಡಿನಲ್ ಪಿಝಬಲ್ಲಾ ಮತ್ತು ಗ್ರೀಕ್ ಆರ್ಥೊಡಾಕ್ಸ್ ಪ್ಯಾಟ್ರಿಯಾರ್ಕ್ ಮೂರನೆಯ ಥಿಯೋಫಿಲೋಸ್. ದೀಪ ಮತ್ತು ಮೆಟ್ಟಿಲುಗಳಿಗಾಗಿ ಶತಮಾನಗಳ ಕಾಲ ಕಾದಾಡಿದ ಎರಡು ಪೀಠಗಳ ಒಡೆಯರು ಜೊತೆಯಾಗಿ ಗಡಿ ದಾಟಿ, ಹಾನಿಗೊಂಡ ಚರ್ಚನ್ನೂ ಅದರಲ್ಲಿದ್ದ ಜನರನ್ನೂ ಕಂಡರು. ಅವರ ಹಿಂದೆ ಆಹಾರ ಮತ್ತು ಔಷಧಿಯ ನೆರವನ್ನು ಗಾಝಾದ ಜನರಿಗಾಗಿ, ಕ್ರೈಸ್ತರಿಗೂ ಮುಸ್ಲಿಮರಿಗೂ ಎಂದು, ಸಿದ್ಧಪಡಿಸಲಾಗಿತ್ತು.